ಅತ್ತಿಗೆಯ ಬರ್ನಿನಾ: ಆನ್‌ಲೈನ್ ಹರಾಜಿನಲ್ಲಿ ಹಳೇ ಹೊಲಿಗೆ ಮಷಿನ್ ಕೊಂಡ ಒಂದು ಪ್ರಕರಣ

2022ರ ಫೆಬ್ರವರಿಯಲ್ಲಿ ನಮ್ಮ ಅತ್ತಿಗೆಗೆ ಅಂತ ಇಬೇ ಅನ್ನುವ ಮಾರಾಟದ ಸೈಟ್‌ನ ಹರಾಜಿನಲ್ಲಿ ಒಂದು ಹಳೇ ಹೊಲಿಗೆ ಮಷಿನ್ ಕೊಂಡೆವು. ತೆರಿಗೆ, ಸಾಗಣೆ ಎಲ್ಲ ಸೇರಿ 800 ಡಾಲರ್ ಹತ್ತಿರ ಆಯಿತು. ಮಷಿನ್ ಕೆಟ್ಟು ಬಂತು. ಒಂದು ತಿಂಗಳು ಹೆಣಗಾಡಿದ ಮೇಲೆ ದುಡ್ಡು ಪೂರ್ತಿ ವಾಪಸ್ ಬಂತು. ಏಪ್ರಿಲ್ ಕೊನೆಗೆ ಅದೇ ಮಾಡೆಲ್‌ನ ಇನ್ನೊಂದನ್ನು ಅಲ್ಲೇ ಕೊಂಡೆವು. ಅದು ಇವತ್ತಿಗೂ ದಿನಾ ಓಡುತ್ತಿದೆ.

ಫೋಟೋ ನೋಡಿದರೆ ಮೊದಲನೆಯದೇ ಚೆಂದ ಇತ್ತು. ಮಾರಿದವರಿಗೆ ಹೆಸರೂ ಚೆನ್ನಾಗಿತ್ತು. ಹಾಗಿದ್ದೂ ಒಂದು ಹಾಳಾಯಿತು, ಒಂದು ಸರಿಹೋಯಿತು. ಯಾಕೆ ಅಂತ ಕೂತು ಯೋಚಿಸಿದಾಗ ನನಗೆ ಅನ್ನಿಸಿದ್ದು ಇಷ್ಟು. ಮಷಿನ್ ಕೈಗೆ ಬರುವ ಮುಂಚೆ ನಮ್ಮ ಹತ್ತಿರ ಇರುವುದು ಮಾರುವವರ ಮಾತು ಒಂದೇ. ಆ ಮಾತನ್ನು ಬಿಡ್ ಹಾಕುವ (ಹರಾಜು ಕೂಗುವ) ಮುಂಚೆ ಎಷ್ಟು ಬಿಡಿಸಿ ಕೇಳಿ ಬರಹದಲ್ಲಿ ತಗೊಂಡಿರುತ್ತೇವೋ, ನಮಗೆ ಅಷ್ಟೇ ರಕ್ಷಣೆ. ಪರಿಚಯದವರು ಮೂರ್ನಾಲ್ಕು ಜನ ಹಳೇ ಮಷಿನ್ ಹುಡುಕುತ್ತಿದ್ದಾರೆ. ಅವರಿಗೆ ಫೋನ್‌ನಲ್ಲಿ ಅರ್ಧಂಬರ್ಧ ಹೇಳುವ ಬದಲು ನಡೆದದ್ದನ್ನು ಪೂರ್ತಿ ಬರೆಯೋಣ ಅನ್ನಿಸಿತು.

ನಾವಿರುವುದು ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಅಣ್ಣ ಅತ್ತಿಗೆ ಮನೆ ನಮ್ಮ ಮನೆಯಿಂದ ಹತ್ತು ನಿಮಿಷ. ಅತ್ತಿಗೆ ಶಿವಮೊಗ್ಗದವರು. ಮದುವೆಗೆ ಮುಂಚೆ ಅಲ್ಲಿ ಟೈಲರಿಂಗ್ ಕ್ಲಾಸಿಗೆ ಹೋಗಿ, ಕಾಲಲ್ಲಿ ತುಳಿಯುವ ಕಪ್ಪು ಉಷಾ ಮಷಿನ್ ಮೇಲೆ ಕಲಿತವರು. ಬ್ಲೌಸ್ ಕಟಿಂಗ್‌ಗೆ ಅವರಿಗೆ ಟೇಪು ಕೂಡ ಜಾಸ್ತಿ ಬೇಕಾಗಲ್ಲ, ಅಳತೆಗೆ ಒಂದು ಹಳೇ ಬ್ಲೌಸ್ ಕೊಟ್ಟರೆ ಸಾಕು.

ಇಲ್ಲಿ ಬ್ಲೌಸ್ ಹೊಲಿಸುವುದು ದೊಡ್ಡ ತಲೆನೋವು. ಊರಿಗೆ ಹೋದಾಗ ಎಲ್ಲರೂ ಹತ್ತು ಹದಿನೈದು ಒಟ್ಟಿಗೆ ಹೊಲಿಸಿಕೊಂಡು ಬರುತ್ತಾರೆ. ಎರಡು ವರ್ಷ ಆಗುವಷ್ಟರಲ್ಲಿ ತೋಳು ಬಿಗಿ, ಹುಕ್ ಹತ್ತಲ್ಲ. ಯುಗಾದಿ, ರಾಜ್ಯೋತ್ಸವ ಹತ್ತಿರ ಬಂತೆಂದರೆ ಅತ್ತಿಗೆ ಮನೆ ಮುಂದೆ ಕಾರು ನಿಲ್ಲುತ್ತಿದ್ದವು. ವೀಸಾ ಕಾರಣಕ್ಕೆ ಅಷ್ಟು ವರ್ಷ ಅವರು ದುಡ್ಡು ತಗೊಂಡು ಕೆಲಸ ಮಾಡುವ ಹಾಗಿರಲಿಲ್ಲ. ಸುಮ್ನೆ ಮಾಡಿಕೊಡುತ್ತಿದ್ದರು. 2021ರಲ್ಲಿ ಗ್ರೀನ್ ಕಾರ್ಡ್ ಬಂತು. ಆಗ ಅವರು ಹೇಳಿದ್ದು, "ಇನ್ಮೇಲೆ ಇದನ್ನ ಸರಿಯಾಗಿ ಮಾಡ್ತೀನಿ ಕಣೋ. ಆದರೆ ಈ ಮಷಿನ್‌ನಲ್ಲಿ ಆಗಲ್ಲ."

ಅವರ ಹತ್ತಿರ ಇದ್ದದ್ದು ಅಂಗಡಿಯಲ್ಲಿ 200 ಡಾಲರ್‌ಗೆ ತಂದ ಹಗುರ ಮಷಿನ್. ಕಾಟನ್‌ಗೆ ಪರವಾಗಿಲ್ಲ. ರೇಷ್ಮೆ ಬ್ಲೌಸ್‌ನ ತೋಳಿನ ತುದಿ ನೆನಪು ಮಾಡಿಕೊಳ್ಳಿ. ಜರಿ ಅಂಚು, ಕೆಳಗೆ ಲೈನಿಂಗ್, ಮಡಿಚಿದಾಗ ನಾಲ್ಕು ಪದರ, ಪಕ್ಕದ ಹೊಲಿಗೆ ಬಂದು ಸೇರುವ ಕಡೆ ಅದರ ಎರಡರಷ್ಟು. ಅಲ್ಲಿಗೆ ಬಂದ ಕೂಡಲೇ ಆ ಮಷಿನ್ ಗೊಣಗಿ ನಿಂತುಬಿಡುತ್ತಿತ್ತು. ಅತ್ತಿಗೆ ಕೈಯಲ್ಲಿ ಚಕ್ರ ತಿರುಗಿಸಿ ಒಂದೊಂದೇ ಹೊಲಿಗೆ ದಾಟಿಸುತ್ತಿದ್ದರು.

ಅವರು ಕಣ್ಣು ಹಾಕಿದ್ದು ಬರ್ನಿನಾ 930 ರೆಕಾರ್ಡ್ ಮೇಲೆ. ಬರ್ನಿನಾ ಸ್ವಿಟ್ಜರ್ಲೆಂಡ್‌ನ ಸ್ಟೆಕ್‌ಬಾರ್ನ್ ಊರಿನ ಕಂಪನಿ. 1893ರಲ್ಲಿ ಕಾರ್ಲ್ ಫ್ರೆಡ್ರಿಕ್ ಗೇಗಾಫ್ ಅನ್ನುವವರು ಹೆಮ್‌ಸ್ಟಿಚ್ (ಅಂಚಿನ ಅಲಂಕಾರ ಹೊಲಿಗೆ) ಹಾಕುವ ಮಷಿನ್ ಕಂಡುಹಿಡಿದಲ್ಲಿಂದ ಅದರ ಕಥೆ ಶುರು. ಮನೆ ಬಳಕೆಯ ಮೊದಲ ಬರ್ನಿನಾ ಬಂದದ್ದು 1932ರಲ್ಲಿ. 930 ಮಾಡೆಲ್ 1982ರದ್ದು. ಲೋಹದ ಗಟ್ಟಿ ಮೈ, ಜೋರು ಮೋಟಾರು. ಮೊಣಕಾಲಿನಿಂದ ಒತ್ತಿದರೆ ಪ್ರೆಶರ್ ಫೂಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಮೇಲೇಳುತ್ತೆ, ಎರಡೂ ಕೈ ಬಟ್ಟೆ ಮೇಲೇ ಇರಬಹುದು. ಬ್ಲೌಸ್‌ನ ಕುತ್ತಿಗೆ ಸುತ್ತು ತಿರುಗಿಸುವಾಗ ಇದೆಷ್ಟು ಮುಖ್ಯ ಅಂತ ಹೊಲಿಯುವವರಿಗೆ ಗೊತ್ತು. ಇಂಥ ಗುಣದ ಹೊಸ ಮಷಿನ್‌ಗೆ ಸಾವಿರಾರು ಡಾಲರ್ ಬೇಕು. ಅದಕ್ಕೇ ನಲವತ್ತು ವರ್ಷದ ಹಳೇ ಮಷಿನ್‌ಗೂ ಜನ ಹರಾಜಿನಲ್ಲಿ ಮುಗಿಬೀಳುತ್ತಾರೆ.

ಹುಡುಕಾಟ ಜನವರಿಯಲ್ಲಿ ಶುರುವಾಯಿತು. ಕಂಪ್ಯೂಟರ್ ನನ್ನ ಪಾಲು, ಮಷಿನ್ ಅತ್ತಿಗೆ ಪಾಲು.

ಮೊದಲು ಬೆಲೆ ತಿಳಿಯಬೇಕಿತ್ತು. ಇಲ್ಲಿ ಸುಮಾರು ಜನ ಎಡವುತ್ತಾರೆ. ಮಾರುವವರು ಕೇಳುವ ಬೆಲೆಯನ್ನೇ ನಿಜವಾದ ಬೆಲೆ ಅಂದುಕೊಳ್ಳುತ್ತಾರೆ. 930ಕ್ಕೆ 1,500 ಕೇಳುವವರೂ ಇದ್ದರು. ಆದರೆ ಅವು ತಿಂಗಳುಗಟ್ಟಲೆ ಹಾಗೇ ಕೂತಿದ್ದವು. ಇಬೇಯಲ್ಲಿ ಹುಡುಕುವಾಗ 'ಮಾರಾಟವಾದವು' ಅಂತ ಫಿಲ್ಟರ್ ಒತ್ತಿದರೆ ಹಿಂದಿನ 90 ದಿನದಲ್ಲಿ ಯಾವುದು ಎಷ್ಟಕ್ಕೆ ಹೋಯಿತು ಅಂತ ಕಾಣುತ್ತೆ. ಅದನ್ನು ನಾನು ಎರಡು ವಾರ ಒಂದು ಹಾಳೆಯಲ್ಲಿ ಬರೆಯುತ್ತಾ ಹೋದೆ. ಕೆಟ್ಟದ್ದು, ಬಿಡಿಭಾಗಕ್ಕೆ ಅಂತ ಮಾರಿದ್ದು ಬಿಟ್ಟು, ಚೆನ್ನಾಗಿ ಓಡುವ 930 ಸುಮಾರು 850ರ ಆಸುಪಾಸು ಹೋಗುತ್ತಿತ್ತು.

ಆ ಎರಡು ವಾರದಲ್ಲಿ ಕಂಡ ಕೆಲವು ಬಲೆಗಳನ್ನೂ ಹೇಳಿಬಿಡುತ್ತೇನೆ. ಒಂದು ಕಡೆ ಬೇರೊಂದು ಮಾಡೆಲ್‌ನ ಬರ್ನಿನಾ 400 ಡಾಲರ್‌ಗೆ ಇತ್ತು, ಹೊಸದರ ಹಾಗೆ ಹೊಳೆಯುತ್ತಿತ್ತು. ಆ ಫೋಟೋವನ್ನೇ ಹಾಕಿ ಗೂಗಲ್‌ನಲ್ಲಿ ಹುಡುಕಿದೆ. ಅದು ಯಾವುದೋ ಅಂಗಡಿಯ ಹಳೇ ಜಾಹೀರಾತಿನ ಚಿತ್ರ. ಇನ್ನೊಂದಕ್ಕೆ ಶೀರ್ಷಿಕೆಯಲ್ಲಿ ಬರ್ನಿನಾ ಅಂತಲೇ ಇತ್ತು, ಚಿತ್ರ ದೊಡ್ಡದು ಮಾಡಿ ನೋಡಿದರೆ ಬರ್ನೆಟ್. ಅದು ಅದೇ ಕಂಪನಿಯ ಅಗ್ಗದ ಸಾಲು, ಬೇರೆಯದೇ ಮಷಿನ್. ಇನ್ನು ಮನೆ ಬಳಕೆಯ ಮಷಿನ್‌ಗೆಲ್ಲ 'ಇಂಡಸ್ಟ್ರಿಯಲ್' ಅಂತ ಬರೆಯುವುದು ಅಲ್ಲಿ ಒಂದು ಚಾಳಿ. ಗಾರ್ಮೆಂಟ್ ಫ್ಯಾಕ್ಟರಿಯ ಮಷಿನ್ ನೋಡಿದವರು ಯಾರೂ ಅದನ್ನು ನಂಬಲ್ಲ. ಜಾಸ್ತಿ ಮೋಸ ಮಾಡುವ ಮಾತು ಮಾತ್ರ ಇದು: 'ನನಗೆ ಹೊಲಿಗೆ ಬರಲ್ಲ, ಆದರೆ ಪ್ಲಗ್ ಹಾಕಿದರೆ ಲೈಟ್ ಹತ್ತುತ್ತೆ, ಸೂಜಿ ಮೇಲೆ ಕೆಳಗೆ ಆಡುತ್ತೆ.' ಸೂಜಿ ಆಡುವುದು ಬೇರೆ, ಹೊಲಿಗೆ ಬೀಳುವುದು ಬೇರೆ ಅಲ್ವಾ?

ಅತ್ತಿಗೆಗೆ ಹಿಡಿಸಿದ ಮಷಿನ್ ಫೆಬ್ರವರಿ ಮೊದಲ ವಾರ ಕಂಡಿತು. ಕೆನೆ ಬಣ್ಣದ ಮೈ ಮೇಲೆ ಒಂದು ಗೀರಿಲ್ಲ. ಕೆಂಪು ಸೂಟ್‌ಕೇಸಿನಂಥ ಪೆಟ್ಟಿಗೆ ಕೂಡ ಜೊತೆಗಿತ್ತು. ಮಾರುವವರು ಹಳೇ ಸಾಮಾನು ಮಾರುವ ಅಂಗಡಿಯವರು. ಸಾವಿರಾರು ಜನ ಒಳ್ಳೇದಾಗಿಯೇ ಬರೆದಿದ್ದರು. ಆ ಬರಹಗಳನ್ನು ನಾನು ಓದಲಿಲ್ಲ, ಒಳ್ಳೇದು ಅಂದವರು ಶೇಕಡಾ ಎಷ್ಟು ಅಂತ ಮಾತ್ರ ನೋಡಿ ಸುಮ್ಮನಾದೆ. ಆಮೇಲೆ ಓದಿದಾಗ ಗೊತ್ತಾಯಿತು, ಅವರು ಮಾರಿದ್ದೆಲ್ಲ ಪಿಂಗಾಣಿ, ಪುಸ್ತಕ, ಆಟಿಕೆ. ಹೊಲಿಗೆ ಮಷಿನ್ ಕೊಂಡವರು ಒಬ್ಬರೂ ಇರಲಿಲ್ಲ.

ನಾನು ಒಂದು ಪ್ರಶ್ನೆ ಕಳಿಸಿದೆ: "ಎಲ್ಲ ಹೊಲಿಗೆಗಳನ್ನೂ ಪರೀಕ್ಷೆ ಮಾಡಿದ್ದೀರಾ?" ಉತ್ತರ ಬಂತು: "ಹೌದು, ನೇರ ಹೊಲಿಗೆ, ಜಿಗ್‌ಜಾಗ್ ಎಲ್ಲ ಚೆನ್ನಾಗಿ ಬರುತ್ತೆ. ಮೂಲ ಪೆಟ್ಟಿಗೆಯಲ್ಲೇ ಇಟ್ಟು ಕಳಿಸುತ್ತೇವೆ." (ಜಿಗ್‌ಜಾಗ್ ಅಂದರೆ ಹಲ್ಲು ಹಲ್ಲಾಗಿ ಓರೆಗೆ ಬೀಳುವ ಹೊಲಿಗೆ.) ಇಷ್ಟಕ್ಕೇ ನನಗೆ ಸಮಾಧಾನ ಆಯಿತು. ಇದರಲ್ಲಿ ಒಂದು ಒಳ್ಳೆಯದಿತ್ತು, ಒಂದು ಕೆಟ್ಟದ್ದಿತ್ತು. ಉತ್ತರ ಸೈಟ್‌ನ ಮೆಸೇಜ್‌ನಲ್ಲೇ ಬಂದದ್ದು ಒಳ್ಳೆಯದು. ಮುಂದೆ ನಮ್ಮನ್ನು ಉಳಿಸಿದ್ದು ಅದೇ. ಹೊಲಿದ ಬಟ್ಟೆ ತೋರಿಸಿ ಅಂತ ಕೇಳದೇ ಬಿಟ್ಟದ್ದು ಕೆಟ್ಟದ್ದು.

ಬಿಡ್ ಮಿತಿಯನ್ನು ಮೊದಲೇ ಲೆಕ್ಕ ಹಾಕಿ, ತಂಪಾದ ತಲೆಯಲ್ಲಿ ಬರೆದಿಟ್ಟಿದ್ದೆವು. ಚೆನ್ನಾಗಿರುವುದಕ್ಕೆ 850. ಇದಕ್ಕೆ ಸರ್ವಿಸ್ ಮಾಡಿಸಿದ ದಾಖಲೆ ಇಲ್ಲ, ಬಂದ ಮೇಲೆ ನಾವೇ ಮಾಡಿಸಬೇಕು, ಅದಕ್ಕೆ 130 ತೆಗೆದರೆ 720. ಅತ್ತಿಗೆ ಆ ಅಂಕಿಯನ್ನು ಕ್ಯಾಲೆಂಡರ್ ಹಾಳೆ ಹಿಂದೆ ಬರೆದು ಫ್ರಿಜ್ ಮೇಲೆ ಅಂಟಿಸಿದರು. ಇಬೇಯಲ್ಲಿ ನಮ್ಮ ಮಿತಿಯನ್ನು ಒಂದೇ ಸಲ ಹಾಕಿದರೆ ಸಾಕು. ಅದು ಗುಟ್ಟಾಗಿರುತ್ತೆ. ಎದುರಿನವರು ಏರಿಸಿದಷ್ಟೂ ಸೈಟೇ ನಮ್ಮ ಪರವಾಗಿ ಒಂದು ಮೆಟ್ಟಿಲು ಮೇಲೆ ಏರಿಸುತ್ತಾ ಹೋಗುತ್ತೆ, ಮಿತಿ ದಾಟಲ್ಲ. 500ರಿಂದ 1,000 ಡಾಲರ್ ಒಳಗೆ ಒಂದು ಮೆಟ್ಟಿಲು ಅಂದರೆ 10 ಡಾಲರ್. ಕೊನೆಯ ಹತ್ತು ಸೆಕೆಂಡ್ ಇರುವಾಗ ನಾನು 720 ಒತ್ತಿದೆ. ಎದುರಿನವರ ಮಿತಿ 675 ಇತ್ತು. ಮಷಿನ್ 685ಕ್ಕೆ ನಮ್ಮದಾಯಿತು. ಸಾಗಣೆ 58.

ಕೊನೆ ಗಳಿಗೆಯಲ್ಲಿ ಯಾಕೆ ಒತ್ತಿದೆ ಅಂದರೆ, ಮೊದಲೇ ಹಾಕಿದರೆ ಎದುರಿನವರಿಗೆ ನಮ್ಮನ್ನು ನೋಡಿ ಇನ್ನೊಂದು ಹತ್ತು, ಇನ್ನೊಂದು ಹತ್ತು ಅಂತ ಏರಿಸುವ ಬಿಸಿ ಹತ್ತುತ್ತೆ. ಆ ಬಿಸಿ ನಮಗೂ ಹತ್ತುತ್ತೆ. ಫ್ರಿಜ್ ಮೇಲಿನ ಹಾಳೆ ಇದ್ದದ್ದು ಅದಕ್ಕೇ.

ಡಬ್ಬಿ ಒಂದು ವಾರಕ್ಕೆ ಬಂತು. ಎತ್ತಿದ ಕೂಡಲೇ ಒಳಗೆ ಏನೋ ಉರುಳಿದ ಸದ್ದು. ನಾನು ಕತ್ತರಿ ತರುವ ಮುಂಚೆ ಫೋನ್ ಕ್ಯಾಮೆರಾ ಆನ್ ಮಾಡಿದೆ. ಡಬ್ಬಿಯ ಆರೂ ಮುಖ, ವಿಳಾಸದ ಚೀಟಿ, ಒಂದು ಮೂಲೆ ಒಳಗೆ ಹೋಗಿದ್ದು, ಎಲ್ಲ ಹಿಡಿದು ಆಮೇಲೆ ಟೇಪ್ ಕುಯ್ದೆ.

ಒಳಗೆ ಆ ಕೆಂಪು ಪೆಟ್ಟಿಗೆ, ಸುತ್ತ ಎರಡು ಹಿಡಿ ನ್ಯೂಸ್‌ಪೇಪರ್ ಉಂಡೆ. ಅಷ್ಟೇ. ಪೆಟ್ಟಿಗೆಯ ಮೂಲೆ ಬಿರಿದಿತ್ತು. ಮೂಲ ಪೆಟ್ಟಿಗೆ ಅಂದರೆ ಭದ್ರ ಅಂತ ನಾವು ನಂಬಿದ್ದು ತಪ್ಪು. ಆ ಪೆಟ್ಟಿಗೆ ಇರುವುದು ಕೈಯಲ್ಲಿ ಹಿಡಿದು ಒಂದು ಮನೆಯಿಂದ ಇನ್ನೊಂದು ಮನೆಗೆ ಒಯ್ಯುವುದಕ್ಕೆ. ಪಾರ್ಸೆಲ್ ಲಾರಿಯಲ್ಲಿ ಎತ್ತಿ ಒಗೆಯುವಾಗ ಪೆಟ್ಟಿಗೆಯ ಗೋಡೆಯೇ ಒಳಗಿನ ಮಷಿನ್‌ಗೆ ಬಡಿಯುತ್ತೆ. ಇನ್ನೂ ಕೆಟ್ಟದ್ದು ಅಂದರೆ ಕಾಲಲ್ಲಿ ಒತ್ತುವ ಪೆಡಲ್ ಅನ್ನು ಒಳಗೆ ಸುಮ್ನೆ ಹಾಕಿದ್ದರು. ದಾರಿಯುದ್ದಕ್ಕೂ ಅದು ಸುತ್ತಿಗೆಯ ಹಾಗೆ ಮಷಿನ್‌ಗೆ ಬಡಿದಿದೆ. ದಾರದ ಉಂಡೆ ಕೂರಿಸುವ ಎರಡು ಕಡ್ಡಿಯಲ್ಲಿ ಒಂದು ಮುರಿದು ಕೆಳಗೆ ಬಿದ್ದಿತ್ತು. ನಾವು ಕೇಳಿದ ಉರುಳುವ ಸದ್ದು ಅದರದ್ದೇ.

ಅತ್ತಿಗೆ ಮುಖ ಸಪ್ಪಗಾಯಿತು. ಆದರೂ "ಕಡ್ಡಿ ಹಾಕಿಸಿದ್ರೆ ಆಯ್ತು, ನೋಡೋಣ ತಡಿ" ಅಂತ ಹೊಸ ಸೂಜಿ ಹಾಕಿದರು. ಮಾಮೂಲಿ ಮನೆ ಮಷಿನ್ ಸೂಜಿಯೇ ಇದಕ್ಕೂ ಆಗುತ್ತೆ. ಕೆಳಗಿನ ದಾರದ ಸಣ್ಣ ಸುರುಳಿ ಬಾಬಿನ್ ತುಂಬಿ, ಬಿಳಿ ಲೈನಿಂಗ್ ಬಟ್ಟೆ ಎರಡು ಪದರ ಇಟ್ಟು, ಕಾಣಲಿ ಅಂತ ಕೆಂಪು ದಾರ ಪೋಣಿಸಿದರು. ನೇರ ಹೊಲಿಗೆ ಚೆನ್ನಾಗೇ ಬಂತು. ಎಲ್ಲೋ ಒಳಗೆ ಸಣ್ಣಗೆ ಒಂದು ಟಕ್ ಅನ್ನುತ್ತಿತ್ತು. ನನಗೆ ಅದು ಕೇಳಿಸಲೇ ಇಲ್ಲ, ಅವರು ತಲೆ ಓರೆ ಮಾಡಿದರು. ಜಿಗ್‌ಜಾಗ್‌ಗೆ ತಿರುಗಿಸಿ ಅಗಲ ಪೂರ್ತಿ ಇಟ್ಟು ಒತ್ತಿದರು. ಟಕ್... ಟಕ್... ಟಕ್... ಸಮವಾಗಿ, ಗಡಿಯಾರದ ಹಾಗೆ. ಅತ್ತಿಗೆ ಪೆಡಲ್‌ನಿಂದ ಕಾಲು ತೆಗೆದರು. "ಇದರ ಹೊಟ್ಟೇಲಿ ಏನೋ ಒಡೆದಿದೆ ಕಣೋ."

ಆ ಬಟ್ಟೆ ತುಂಡು ನನ್ನ ಹತ್ತಿರ ಈಗಲೂ ಇದೆ. ನಾಲ್ಕೈದು ಹಲ್ಲು ಸರಿಯಾಗಿ ಬಿದ್ದಿವೆ, ಆಮೇಲೆ ಒಂದು ಕುಳ್ಳು. ಮತ್ತೆ ನಾಲ್ಕೈದು ಸರಿ, ಮತ್ತೆ ಒಂದು ಕುಳ್ಳು. ಬಾಚಣಿಗೆಯಲ್ಲಿ ಲೆಕ್ಕ ಹಾಕಿ ಒಂದೊಂದು ಹಲ್ಲು ಮುರಿದ ಹಾಗಿದೆ.

ನಮ್ಮೂರಲ್ಲಿ ಹಳೇ ಮಷಿನ್ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆ. ಫೋನ್ ಮಾಡಿದೆವು. ಮಾಡೆಲ್ ಹೇಳಿದ ಕೂಡಲೇ ಅವರು "ಜಿಗ್‌ಜಾಗ್ ಹಾಕಿ ಫೋನ್ ಹತ್ತಿರ ಹಿಡಿಯಿರಿ" ಅಂದರು. ಅರ್ಧ ನಿಮಿಷ ಕೇಳಿದರು. ಆಮೇಲೆ ಬಿಡಿಸಿ ಹೇಳಿದರು. ಆ ಕಾಲದ ಬರ್ನಿನಾಗಳ ಒಳಗೆ ಹೆಚ್ಚಿನದೆಲ್ಲ ಲೋಹ. ಆದರೆ ಬೇರೆ ಬೇರೆ ನಮೂನೆಯ ಹೊಲಿಗೆ ಹಾಕಿಸುವ ಕ್ಯಾಮ್‌ಗಳನ್ನು (ಉಬ್ಬು ತಗ್ಗಿನ ಚಕ್ರಗಳನ್ನು) ತಿರುಗಿಸಲು ಒಂದು ಪ್ಲಾಸ್ಟಿಕ್ ಗೇರ್ ಇದೆ. ವರ್ಷ ಕಳೆದ ಹಾಗೆ ಅದು ಬಿರುಕು ಬಿಡುತ್ತೆ. ಬಿರುಕು ಅಗಲವಾದ ಕಡೆ ಪಕ್ಕದ ಗೇರಿನ ಹಲ್ಲು ಸರಿಯಾಗಿ ಕೂರದೆ ನೆಗೆಯುತ್ತೆ. ಪ್ರತಿ ಸುತ್ತಿಗೂ ಒಂದು ಟಕ್, ಒಂದು ತಪ್ಪು ಹೊಲಿಗೆ. ಈ ಮಷಿನ್‌ಗಳನ್ನು ಬಿಚ್ಚುವ ರಿಪೇರಿಯವರಿಗೆಲ್ಲ ಗೊತ್ತಿರುವ ರೋಗ ಇದು. ಹೊಸ ಗೇರ್ ಸಿಗುತ್ತೆ, ಆದರೆ ಹಾಕಲು ಮಷಿನ್‌ನ ಅರ್ಧ ಬಿಚ್ಚಬೇಕು. ಮುನ್ನೂರು ಡಾಲರ್ ಆಗಬಹುದು ಅಂದರು.

ಕೊನೆಗೆ ಅವರು ಹೇಳಿದ ಮಾತಿಗೆ ನಾನು ಅವರಿಗೆ ಯಾವತ್ತೂ ಋಣಿ. "ಸ್ಕ್ರೂಡ್ರೈವರ್ ಮುಟ್ಟಬೇಡಿ. ಒಂದು ಸ್ಕ್ರೂ ತೆಗೆದರೂ ನೀವೇ ಕೆಡಿಸಿದ್ದು ಅಂತಾರೆ. ನನ್ನ ಹತ್ತಿರಾನೂ ತರಬೇಡಿ. ಮೊದಲು ಕಂಪ್ಲೇಂಟ್ ಹಾಕಿ." ಬರುವ ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವವರು ಎಷ್ಟು ಜನ ಇದ್ದಾರೆ?

ಅವತ್ತು ರಾತ್ರಿಯೇ ಸೈಟ್‌ನಲ್ಲಿ ವಾಪಸಾತಿಗೆ ಅರ್ಜಿ ಹಾಕಿದೆ. 'ಹೇಳಿದ ಹಾಗಿಲ್ಲ' ಅನ್ನುವ ಕಾರಣ ಆರಿಸಿದೆ. ಡಬ್ಬಿ ಬಿಚ್ಚಿದ ಫೋಟೋಗಳು, ಮುರಿದ ಕಡ್ಡಿ, ಬಟ್ಟೆಯ ಫೋಟೋ, ಜೊತೆಗೆ 'ಜಿಗ್‌ಜಾಗ್ ಚೆನ್ನಾಗಿ ಬರುತ್ತೆ' ಅಂತ ಅವರೇ ಬರೆದ ಮೆಸೇಜ್‌ನ ಚಿತ್ರ. ಬೈಗುಳ ಒಂದೂ ಇಲ್ಲ. ನಡೆದದ್ದು ನಾಲ್ಕು ಸಾಲು.

ಮಾರಿದವರ ಮೊದಲ ಉತ್ತರ, ಮುರಿದದ್ದು ಕೊರಿಯರ್‌ನವರ ತಪ್ಪು, ಅವರನ್ನು ಕೇಳಿ. ಇದಕ್ಕೆ ಹೆದರಬೇಕಿಲ್ಲ. ಸರಿಯಾಗಿ ಕಟ್ಟಿ ಸರಿಯಾಗಿ ತಲುಪಿಸುವುದು ಮಾರುವವರ ಜವಾಬ್ದಾರಿ. ಇಬೇಯ ಹಣ ವಾಪಸಾತಿ ಭರವಸೆಯಲ್ಲಿ ದಾರಿಯಲ್ಲಿ ಮುರಿದದ್ದೂ 'ಹೇಳಿದ ಹಾಗಿಲ್ಲ' ಅನ್ನುವುದರ ಒಳಗೇ ಬರುತ್ತೆ. ಎರಡನೇ ಉತ್ತರ ಹೆಚ್ಚು ಕಷ್ಟ ಕೊಟ್ಟಿತು: "200 ಡಾಲರ್ ಬೇರೆ ಆ್ಯಪ್‌ನಲ್ಲಿ ಕಳಿಸುತ್ತೇನೆ, ಅರ್ಜಿ ಮುಚ್ಚಿಬಿಡಿ." ಅತ್ತಿಗೆ ಮನಸ್ಸು ಒಂದು ದಿನ ಅತ್ತಿತ್ತ ಆಡಿತು. ಮೈ ಅಷ್ಟು ಚೆನ್ನಾಗಿದೆ, 200ಕ್ಕೆ ನಾವೊಂದು 100 ಹಾಕಿದರೆ ಗೇರ್ ಬಂತು, ಅಲ್ವಾ? ನಾನು ಒಪ್ಪಲಿಲ್ಲ. ಅರ್ಜಿ ಒಂದು ಸಲ ಮುಚ್ಚಿದರೆ ಮತ್ತೆ ತೆರೆಯಲು ಬರಲ್ಲ. ಹೊರಗಿನ ಆ್ಯಪ್‌ನಲ್ಲಿ ದುಡ್ಡು ಬರದೇ ಹೋದರೆ ಕೇಳುವವರೇ ಇಲ್ಲ. ಅಲ್ಲದೆ ಅಷ್ಟು ಪೆಟ್ಟು ತಿಂದ ಮಷಿನ್ ಒಳಗೆ ಗೇರ್ ಒಂದೇ ಕೆಟ್ಟಿದೆ ಅಂತ ಹೇಳುವವರು ಯಾರು?

ಮಾರುವವರಿಗೆ ಮೂರು ಕೆಲಸದ ದಿನ ಗಡುವು ಇರುತ್ತೆ. ಅದು ಮುಗಿದ ಮರುದಿನ 'ಇಬೇ ಮಧ್ಯೆ ಬರಲಿ' ಅನ್ನುವ ಗುಂಡಿ ಒತ್ತಿದೆ. ವಾಪಸ್ ಕಳಿಸಲು ಡಬ್ಬಿಗೆ ಅಂಟಿಸುವ ಚೀಟಿ ಮಾರಿದವರ ಖರ್ಚಿನಲ್ಲೇ ಬಂತು. ನಾವು ಮಷಿನ್‌ಗೆ ದಪ್ಪ ಫೋಮ್ ಸುತ್ತಿ, ಪೆಡಲ್ ಬೇರೆ ಸುತ್ತಿ, ಎರಡು ಡಬ್ಬಿ ಒಳಗೆ ಹಾಕಿ ಕಳಿಸಿದೆವು. ವಾಪಸ್ ಹೋಗುವ ದಾರಿಯಲ್ಲಿ ಮುರಿದರೆ ಹೊಸ ಜಗಳ ಬೇಡ ಅಂತ. ಅದು ತಲುಪಿದ ಮೇಲೆ ಮೊದಲು ಕೊಟ್ಟ ಸಾಗಣೆ ದುಡ್ಡೂ ಸೇರಿ ಪೂರ್ತಿ ಹಣ ಕಾರ್ಡಿಗೆ ಬಂತು. ಮಾರ್ಚ್ ಮಧ್ಯ ಆಗಿತ್ತು. ಆ ವರ್ಷದ ಯುಗಾದಿಗೆ ಅತ್ತಿಗೆ ಹಳೇ ಮಷಿನ್‌ನಲ್ಲೇ ಚಕ್ರ ತಿರುಗಿಸಿ ಹೊಲಿದರು.

ಆಮೇಲೆ ಆರು ವಾರ ನಾವು ಏನೂ ಕೊಳ್ಳಲಿಲ್ಲ. ಬಂದ 930ಗಳನ್ನೆಲ್ಲ ನೋಡಿದೆವು, ಪ್ರಶ್ನೆ ಕಳಿಸಿದೆವು, ಬಿಟ್ಟೆವು. ಈ ಸಲ ಪ್ರಶ್ನೆ ಬರೆದದ್ದು ಅತ್ತಿಗೆ, ನಾನು ಬರೀ ಇಂಗ್ಲಿಷ್‌ಗೆ ಹಾಕಿದ್ದು. ಅಗಲದ ಜಿಗ್‌ಜಾಗ್ ಹಾಕಿ ಒಂದು ನಿಮಿಷ ಓಡಿಸಿ ವಿಡಿಯೋ ಮಾಡಿ, ಹಾಡು ಹಾಕಬೇಡಿ, ಮಷಿನ್ ಸದ್ದು ಕೇಳಬೇಕು. ಜೀನ್ಸ್ ಬಟ್ಟೆ ನಾಲ್ಕು ಮಡಿಕೆ ಮೇಲೆ ಹೊಲಿಯಿರಿ. ಹೊಲಿದ ಬಟ್ಟೆಯ ಮೇಲಿನ ಮುಖ, ಕೆಳಗಿನ ಮುಖ ಎರಡೂ ಫೋಟೋ ಬೇಕು. ಕೆಳಗಿನ ಮುಖ ಯಾಕೆ ಅಂದರೆ, ಬಾಬಿನ್ ದಾರದ ಎಳೆತ ಸರಿ ಇಲ್ಲದಿದ್ದರೆ ಅಲ್ಲೇ ಗಂಟು ಗಂಟಾಗಿ ಕಾಣುವುದು. ಬಾಬಿನ್ ಕೇಸ್, ಪೆಡಲ್, ಮೊಣಕಾಲಿನ ಕಡ್ಡಿ, ಎಲ್ಲ ಫೂಟ್‌ಗಳನ್ನು ಮೇಜಿನ ಮೇಲೆ ಹರಡಿ ಒಂದೇ ಫೋಟೋ ತೆಗೆಯಿರಿ. ಈ ಸಣ್ಣ ಸಾಮಾನು ಎಷ್ಟೋ ಮಷಿನ್‌ಗಳಲ್ಲಿ ಕಳೆದುಹೋಗಿರುತ್ತೆ. ಹಳೇ ಬರ್ನಿನಾ ಫೂಟ್‌ಗಳ ಹಿಡಿಕೆಯೇ ಬೇರೆ, ಹೊಸ ಮಾಡೆಲ್‌ನವು ಕೂರಲ್ಲ. ಬಿಡಿಯಾಗಿ ಕೊಳ್ಳಲು ಹೋದರೆ ಒಂದೊಂದಕ್ಕೂ ದುಬಾರಿ.

ಬಹಳ ಜನ ಉತ್ತರಿಸಲಿಲ್ಲ. ಕೆಲವರು ಸಿಟ್ಟಾದರು. ಉತ್ತರ ಬರದ ಮಷಿನ್‌ಗಳನ್ನು ಪಟ್ಟಿಯಿಂದ ಹೊಡೆದು ಹಾಕುತ್ತಾ ಹೋದೆವು. ಅದರಲ್ಲಿ ಒಂದೆರಡು ನಿಜವಾಗಿಯೂ ಒಳ್ಳೆಯವೇ ಇರಬಹುದು. ಇರಲಿ, ಅವು ಬೇರೆಯವರ ಪಾಲು.

ಏಪ್ರಿಲ್ ಕೊನೆಗೆ ಪೆನ್ಸಿಲ್ವೇನಿಯಾದಿಂದ ಒಂದು ಬಂತು. ಫೋಟೋಗಳು ಮಸುಕು, ಅಡುಗೆಮನೆಯ ಹಳದಿ ಲೈಟಿನಲ್ಲಿ ತೆಗೆದವು. ಮೈ ಮೇಲೆ ಎರಡು ಕಡೆ ಬಣ್ಣ ಹೋಗಿತ್ತು. ಆದರೆ ಮಾರುವವರು ಕ್ವಿಲ್ಟ್ ಹೊಲಿಯುವ ಅಜ್ಜಿ. ಕಣ್ಣು ಮಂಜಾಗಿದೆ, ಇನ್ನು ಆಗಲ್ಲ ಅಂತ ಬರೆದಿದ್ದರು. ಅತ್ತಿಗೆ ಅದನ್ನು ಓದಿ, "ಕೌದಿ ಹೊಲಿಯೋರ ಮಷಿನ್ ಕಣೋ ಇದು. ಎಣ್ಣೆ ಕಾಣದೇ ಇದ್ದಿರಲ್ಲ" ಅಂದರು. ಆದರೂ ಪ್ರಶ್ನೆ ಅಷ್ಟನ್ನೂ ಕಳಿಸಿಯೇ ಕಳಿಸಿದರು. ಮರುದಿನ ವಿಡಿಯೋ ಬಂತು. ಅತ್ತಿಗೆ ಕಣ್ಣು ಮುಚ್ಚಿಕೊಂಡು ಅದನ್ನು ಮೂರು ಸಲ ಕೇಳಿದರು. ಟಕ್ ಇರಲಿಲ್ಲ. ಜೊತೆಗೆ 2019ರಲ್ಲಿ ಗೇರ್ ಬದಲಿಸಿದ ರಿಪೇರಿ ಬಿಲ್ಲಿನ ಫೋಟೋ. ನಾವು ಕೇಳಿರಲೇ ಇಲ್ಲ, ಅವರಾಗಿಯೇ ಹಾಕಿದ್ದರು.

ಪ್ಯಾಕಿಂಗ್ ಬಗ್ಗೆ ಮಾತ್ರ ನಾವು ಉದ್ದಕ್ಕೆ ಬರೆದೆವು. ಸೂಜಿ ಕೆಳಗೆ ಇಳಿಸಿ, ಫೂಟ್ ಕೆಳಗೆ ಒಂದು ಬಟ್ಟೆ ತುಂಡು ಕಚ್ಚಿಸಿ. ದಾರದ ಕಡ್ಡಿಗಳು, ಚಕ್ರ, ಇವುಗಳ ಸುತ್ತ ಫೋಮ್ ಕಟ್ಟಿ. ಪೆಡಲ್ ಬೇರೆ ಡಬ್ಬಿಯಲ್ಲಿ. ಒಂದು ಡಬ್ಬಿ, ಅದರ ಹೊರಗೆ ಇನ್ನೊಂದು, ನಡುವೆ ಎರಡು ಇಂಚು ಗಟ್ಟಿ ಫೋಮ್. ಥರ್ಮೋಕೋಲ್ ಚೂರು ಸುರಿದರೆ ಸಾಲದು, ಇಷ್ಟು ಭಾರದ ಮಷಿನ್ ಅದರಲ್ಲಿ ಮುಳುಗಿ ತಳ ಮುಟ್ಟುತ್ತೆ. ಅಜ್ಜಿ ಬರೆದ ಉತ್ತರ ಚಿಕ್ಕದು. ಎರಡು ಡಬ್ಬಿಯ ಲೆಕ್ಕ ಹಾಕಿಯೇ ಸಾಗಣೆಗೆ 75 ಡಾಲರ್ ಇಟ್ಟಿದ್ದೇನೆ, ನನ್ನ ಮಗ ಕಟ್ಟುತ್ತಾನೆ ಅಂತ. ಬೇರೆಯವರಿಗಿಂತ ಸಾಗಣೆ ಜಾಸ್ತಿ ಇತ್ತು. ಈ ಒಂದು ವಿಷಯದಲ್ಲಿ ಜಾಸ್ತಿ ಇರುವುದು ಒಳ್ಳೆ ಗುರುತು ಅಂತ ನನಗೆ ಈಗ ಗಟ್ಟಿಯಾಗಿ ಅನ್ನಿಸುತ್ತೆ.

ಮಿತಿ ಲೆಕ್ಕ ಈ ಸಲ ಬೇರೆ ಬಂತು. 850ರಿಂದ ಕಳೆಯುವುದು ಏನೂ ಇಲ್ಲ. ಗೇರ್ ಹೊಸದು, ಫೂಟ್‌ಗಳು ಪೂರ್ತಿ, ಮೊಣಕಾಲಿನ ಕಡ್ಡಿ ಇದೆ, ಅದಕ್ಕೆ ಅಂತ 75 ಸೇರಿಸಿ 925 (ಸಾಗಣೆಯ 75 ಬೇರೆ). ಕ್ಯಾಲೆಂಡರ್ ಹಾಳೆ ಮತ್ತೆ ಫ್ರಿಜ್ ಏರಿತು. 865ಕ್ಕೆ ಸಿಕ್ಕಿತು. ತೆರಿಗೆ, ಸಾಗಣೆ ಎಲ್ಲ ಸೇರಿ 1,010 ಡಾಲರ್. ಮೊದಲನೆಯದಕ್ಕಿಂತ 200 ಜಾಸ್ತಿ. ಗೇರ್ ರಿಪೇರಿಗೆ ಹಿರಿಯರು ಹೇಳಿದ 300 ನೆನಪಿದ್ದರೆ ಇದು ದುಬಾರಿ ಏನಲ್ಲ.

ಡಬ್ಬಿ ಬಂದಾಗ ಮತ್ತೆ ಕ್ಯಾಮೆರಾ ಹಿಡಿದೇ ಬಿಚ್ಚಿದೆ. ಏನೂ ಉರುಳಲಿಲ್ಲ. ಫೂಟ್ ಕೆಳಗೆ ನೀಲಿ ಹೂವಿನ ಕಾಟನ್ ತುಂಡು ಕಚ್ಚಿಸಿದ್ದರು. ಅದರ ಮೇಲೆ ಅಜ್ಜಿ ಒಂದೊಂದು ಸಾಲಿಗೂ ಒಂದೊಂದು ಹೊಲಿಗೆ ಹಾಕಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಅದರ ನಂಬರ್ ಬರೆದಿದ್ದರು. ಅತ್ತಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಅದೇ ತುಂಡಿನ ಕೊನೆಗೆ ತಮ್ಮದೊಂದು ಜಿಗ್‌ಜಾಗ್ ಸಾಲು ಹಾಕಿದರು. ಎಲ್ಲ ಹಲ್ಲೂ ಒಂದೇ ಎತ್ತರ. ಆಮೇಲೆ ಪಕ್ಕದಲ್ಲೇ ಇಟ್ಟುಕೊಂಡಿದ್ದ ಮೈಸೂರು ಸಿಲ್ಕ್ ಬ್ಲೌಸ್‌ನ ತೋಳು ತಗೊಂಡು, ಜರಿ ಅಂಚಿನ ದಪ್ಪ ಜಾಗಕ್ಕೆ ತಂದರು. ಮಷಿನ್ ಗೊಣಗಲಿಲ್ಲ. ಸದ್ದು ಕೂಡ ಬದಲಾಗಲಿಲ್ಲ. ದಾಟಿ ಹೋಯಿತು.

ಇದನ್ನು ಕೇಳಿ ಬೆಂಗಳೂರಿನಿಂದ ನಮ್ಮ ಚಿಕ್ಕಮ್ಮ "ನನಗೂ ಒಂದು ಹೀಗೇ ಕೊಂಡು ಬರುವಾಗ ತಂದುಬಿಡೋ" ಅಂದರು. ನಾನು ಬೇಡ ಅಂದೆ, ಕಾರಣ ಇಲ್ಲೂ ಹೇಳುತ್ತೇನೆ. ಇಲ್ಲಿ ಕರೆಂಟು 120 ವೋಲ್ಟ್, ನಮ್ಮಲ್ಲಿ 230. ಇಲ್ಲಿನ ಮಷಿನ್ ಅಲ್ಲಿ ನೇರ ಪ್ಲಗ್‌ಗೆ ಹಾಕಿದರೆ ಸುಟ್ಟು ಹೋಗುತ್ತೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ಆಗಲ್ಲ. ವಿಮಾನದಲ್ಲಿ ಒಂದು ಬ್ಯಾಗಿಗೆ ಸಾಮಾನ್ಯವಾಗಿ ಸಿಗುವ 23 ಕೆಜಿಯಲ್ಲಿ ಹೆಚ್ಚಿನ ಪಾಲು ಮಷಿನ್ ಮತ್ತು ಅದರ ಪ್ಯಾಕಿಂಗೇ ತಿಂದುಹಾಕುತ್ತೆ. ಗೇರ್ ಕೆಟ್ಟರೆ ಬಿಚ್ಚಿ ಗೊತ್ತಿರುವವರು ಬೇಕು. ಭಾರತದ ಇಬೇ ಸೈಟ್ 2018ರಲ್ಲೇ ಮುಚ್ಚಿತು. ಅಲ್ಲಿ ಹಳೇ ಮಷಿನ್ ಬೇಕಾದರೆ ಕಣ್ಣೆದುರು ಓಡಿಸಿ ನೋಡಿ ಕೊಳ್ಳುವ ಅವಕಾಶ ಇದೆ. ಆ ಅನುಕೂಲ ಬಿಟ್ಟು ಇಷ್ಟು ದೂರದಿಂದ ತರಿಸುವುದು ಯಾಕೆ? ಚಿಕ್ಕಮ್ಮನಿಗೆ ಹೇಳಿದ್ದು ಒಂದೇ: ಹೋಗುವಾಗ ನಿಮ್ಮದೇ ದಪ್ಪ ಬಟ್ಟೆ ತಗೊಂಡು ಹೋಗಿ, ಅವರು ಕೊಡುವ ತೆಳು ಕಾಟನ್ ಮೇಲೆ ಹೊಲಿದು ನೋಡಬೇಡಿ.

ಅತ್ತಿಗೆ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದಾರೆ. ಲೈನಿಂಗ್ ಬ್ಲೌಸ್‌ಗೆ 35 ಡಾಲರ್. ಸೀರೆಗೆ ಫಾಲ್, ಜಿಗ್‌ಜಾಗ್ ಬೇರೆ. ಮೊದಲ ಪುಟದ ಮೇಲೆ 1,010 ಅಂತ ಬರೆದು, ಪ್ರತಿ ಬ್ಲೌಸ್‌ಗೂ 35 ಕಳೆಯುತ್ತಾ ಬಂದರು. ದೀಪಾವಳಿ ವಾರದಲ್ಲಿ 29ನೇ ಬ್ಲೌಸ್‌ನ ಹುಕ್ ಹಾಕಿ ಮುಗಿಸಿದಾಗ ಆ ಅಂಕಿ ಸೊನ್ನೆ ಮುಟ್ಟಿತು. ಅದರ ಕೆಳಗೆ ಎರಡು ಗೆರೆ ಎಳೆದು, ಪುಸ್ತಕದ ಮಧ್ಯೆ ಆ ನೀಲಿ ಹೂವಿನ ತುಂಡನ್ನು ಪಿನ್ ಮಾಡಿಟ್ಟಿದ್ದಾರೆ.